ಎಕ್ಸ್‌ರೇ ಮೆಷಿನ್: ಮಳೆಗಾಲದ ಟ್ರಿಪ್, ಲೋ ವೋಲ್ಟೇಜ್ – ಗ್ರೂಪಿನ ಪ್ರಶ್ನೋತ್ತರ (ಕೇಳಿದವರ ಹೆಸರಿನ ಬದಲು ಅವರ ಊರು ಹಾಕಿದೆ)

ಸಾಗರ: ಸರ್, 300 ಎಂಎ (ಮಿಲಿಆಂಪಿಯರ್, ಟ್ಯೂಬಿನ ಕರೆಂಟ್) ಹಳೇ ಸೆಟ್. ಬೆಳಿಗ್ಗೆ ಸರಿ ಬರೋ ಫಿಲ್ಮ್ ಸಂಜೆ ಅದೇ ಕೆವಿ (ಕಿಲೋವೋಲ್ಟ್, ಟ್ಯೂಬಿನ ವೋಲ್ಟೇಜ್), ಅದೇ ಎಂಎಎಸ್‌ಗೆ (ಎಂಎ ಗುಣಿಸು ಸೆಕೆಂಡ್) ತೆಳು ಬರುತ್ತೆ.

ಸರ್ವಿಸ್ ಇಂಜಿನಿಯರ್: ಲೈನ್ ಡ್ರಾಪ್, ಅಂದರೆ ಲೋಡ್ ಬಿದ್ದಾಗ ಮೇನ್ಸ್ ವೋಲ್ಟೇಜ್ ಇಳಿಯುವುದು. 100 ಕೆವಿ, 300 ಎಂಎಗೆ ಆ ಕ್ಷಣ 20 ಕಿಲೋವ್ಯಾಟ್‌ಗೂ ಹೆಚ್ಚು ಎಳೆಯುತ್ತೆ. ಸುಮ್ಮನಿದ್ದಾಗಿನ ವೋಲ್ಟೇಜ್ ನೋಡಬೇಡಿ, ಎಕ್ಸ್‌ಪೋಷರ್ ಒತ್ತಿದಾಗ ಎಷ್ಟಕ್ಕೆ ಇಳಿಯುತ್ತೆ ನೋಡಿ. ಫಿಲಮೆಂಟ್ (ಟ್ಯೂಬಿನೊಳಗೆ ಕಾದು ಎಲೆಕ್ಟ್ರಾನ್ ಬಿಡುವ ತಂತಿ) ವೋಲ್ಟೇಜ್ ಚೂರು ಇಳಿದರೂ ಎಂಎ ಬಹಳ ಇಳಿಯುತ್ತೆ. ಮೊದಲು ಫಿಲಮೆಂಟ್ ಸ್ಟೆಬಿಲೈಸರ್, ಆಮೇಲೆ ಮೇನ್ಸ್ ಕೇಬಲಿನ ದಪ್ಪ, ಜಾಯಿಂಟ್.

ಸೊರಬ: ಸರ್ವೋ ಸ್ಟೆಬಿಲೈಸರ್ ಹಾಕಿದ್ರೆ?

ಸರ್ವಿಸ್ ಇಂಜಿನಿಯರ್: ನಿಧಾನದ ಏರಿಳಿತಕ್ಕೆ ಸರಿ. 0.1 ಸೆಕೆಂಡಿನ ಎಕ್ಸ್‌ಪೋಷರ್‌ಗೆ ಅದರ ಮೋಟರ್ ಅಷ್ಟು ಬೇಗ ತಿರುಗಲ್ಲ.

ತೀರ್ಥಹಳ್ಳಿ: ಮಳೆ ಹಿಡಿದ ಮೇಲೆ 80 ಕೆವಿ ದಾಟಿದ್ರೆ ಚಟ್ ಅಂತ ಸದ್ದು, ಎಂಎ ಮುಳ್ಳು ಕೊನೆಗೆ ಹೊಡೆದು ಟ್ರಿಪ್. 60ಕ್ಕೆ ತೊಂದರೆ ಇಲ್ಲ. ಎಚ್‌ಟಿ (ಹೈ ಟೆನ್ಷನ್) ಕೇಬಲ್ ಬಿಚ್ಚಿ ಪೆಟ್ರೋಲಲ್ಲಿ ಒರೆಸಿ ವ್ಯಾಸಲೀನ್ ಹಚ್ಚಿ ಅಂತ ಫಾರ್ವರ್ಡ್ ಬಂದಿದೆ. ಮಾಡ್ಲಾ ಸರ್?

ಸರ್ವಿಸ್ ಇಂಜಿನಿಯರ್: ಖಂಡಿತ ಬೇಡ. ಕಿಡಿ ಹಾರುವ ಜಾಗಕ್ಕೆ ಪೆಟ್ರೋಲಾ? ಆ ಮೆಸೇಜ್ ಯಾರಿಗೂ ಕಳಿಸಬೇಡಿ.

60ಕ್ಕೆ ನಿಂತು 80ಕ್ಕೆ ಬಿದ್ದರೆ ಇನ್ಸುಲೇಷನ್ ಒಡೆಯುತ್ತಿದೆ ಅಂತ. ಒಡೆಯುವ ಜಾಗ ಮೂರು: ಕೇಬಲ್ ತುದಿ, ಎಚ್‌ಟಿ ಟ್ಯಾಂಕಿನ (ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ) ಎಣ್ಣೆ, ಟ್ಯೂಬಿನ ವ್ಯಾಕ್ಯೂಮ್. ಟ್ಯಾಂಕು, ಟ್ಯೂಬ್ ಹೌಸಿಂಗ್ ಸೀಲ್ ಆಗಿರುತ್ತವೆ. ಮಳೆಗಾಲದಲ್ಲೇ ಬರುವುದಾದರೆ ನನ್ನ ಅನುಮಾನ ಕೇಬಲ್ ತುದಿಯ ಮೇಲೆ. ಅಲ್ಲಿನ ಸಿಲಿಕೋನ್ ಕಾಂಪೌಂಡ್ ಒಣಗಿ ಗಾಳಿ ಉಳಿದರೆ ತೇವ ಸೇರುತ್ತೆ, ರಬ್ಬರಿನ ಮೇಲೆ ಕಪ್ಪು ಇಂಗಾಲದ ಗೆರೆ ಬೀಳುತ್ತೆ. ಗೆರೆ ಬಿದ್ದ ತುದಿ ಒರೆಸಿದರೆ ಸರಿಯಾಗಲ್ಲ, ಬದಲಿಸಬೇಕು.

ಬಿಚ್ಚುವವರು ಸರ್ವಿಸ್‌ನವರೇ ಆಗಿರಲಿ. ಮೇನ್ಸ್ ತೆಗೆದ ಮೇಲೂ ಕೇಬಲ್ ಕೆಪಾಸಿಟರಿನ ಹಾಗೆ ಚಾರ್ಜ್ ಹಿಡಿದಿರುತ್ತೆ. ಪ್ರತಿ ಪಿನ್ನನ್ನೂ ಅರ್ತಿಂಗ್ ಕೋಲಿನಿಂದ ಮುಟ್ಟಿಸಿ ಇಳಿಸಬೇಕು. ಕೇಬಲ್ ತೆಗೆದು ಟ್ಯಾಂಕನ್ನೊಂದೇ ಟೆಸ್ಟ್ ಮಾಡುವಾಗ ಕೇಬಲ್ ಕೂರುವ ಸಾಕೆಟ್ ಗುಂಡಿಗೆ ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿರಲೇಬೇಕು, ಇಲ್ಲದಿದ್ದರೆ ಗಾಳಿಯಲ್ಲೇ ಕಿಡಿ. ಜೋಡಿಸಿದ ಮೇಲೆ 50 ಕೆವಿಯಿಂದ 5-5ರಂತೆ ಏರಿಸಬೇಕು.

ಸದ್ದು ಟ್ಯೂಬ್ ಕಡೆಯಿಂದಲೋ ಟ್ಯಾಂಕ್ ಕಡೆಯಿಂದಲೋ? ತಿಳಿಸಿ.

ಹೊಸನಗರ: ಹೈ ಫ್ರೀಕ್ವೆನ್ಸಿ ಮೆಷಿನ್ ತಗೊಳ್ಳಿ ಮಾರಾಯ್ರೆ, ಸಣ್ಣ ಟ್ಯಾಂಕು, ಲೈನ್ ಡ್ರಾಪ್ ತಲೆನೋವೂ ಕಡಿಮೆ.

ಭದ್ರಾವತಿ: ಸಿಡಿಲಿಗೆ ಅದರ ಐಜಿಬಿಟಿ (ಪವರ್ ಸ್ವಿಚ್ ಮಾಡೋ ಸೆಮಿಕಂಡಕ್ಟರ್) ಹೋದ್ರೆ ಬೋರ್ಡ್ ಬರೋವರೆಗೂ ರೂಮಿಗೆ ಬೀಗ. ಹಳೇ ಸೆಟ್ಟಿನ ಕಾಂಟ್ಯಾಕ್ಟರ್ ಇಲ್ಲೇ ಸಿಗುತ್ತೆ.

ಹೊಸನಗರ: ಹಳೇ ಸಿಂಗಲ್ ಫೇಸಲ್ಲಿ ಕೆವಿ ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುತ್ತೆ. ಇಳಿದಾಗ ಬರೋ ಮೆದು (ಕಮ್ಮಿ ಶಕ್ತಿಯ) ಕಿರಣ ರೋಗಿಯ ಚರ್ಮಕ್ಕೆ. ಡೋಸ್ ಲೆಕ್ಕ ಇಲ್ವಾ ನಿಮಗೆ?

ಭದ್ರಾವತಿ: ಅದನ್ನ ತಡೆಯೋ ಅಲ್ಯೂಮಿನಿಯಂ ಫಿಲ್ಟರ್ ಮತ್ಯಾಕಿದೆ? ಮೆಷಿನ್ ಮಾರೋಕೆ ಬಂದೋರ ಹಾಗೆ ಮಾತಾಡ್ಬೇಡಿ.

ಹೊಸನಗರ: ಫಿಲ್ಟರ್ ಇದ್ರೂ ವ್ಯತ್ಯಾಸ ಇದೆ. ಓದಿ ಬನ್ನಿ.

ಶಿಕಾರಿಪುರ: ಪ್ರೆಪ್ (ಎಕ್ಸ್‌ಪೋಷರ್‌ಗೆ ಮುಂಚಿನ ತಯಾರಿ ಬಟನ್) ಒತ್ತಿದ್ರೆ ಗುಂಯ್ ಅನ್ನುತ್ತೆ, ಆನೋಡ್ (ಟ್ಯೂಬಿನೊಳಗೆ ತಿರುಗೋ ಟಾರ್ಗೆಟ್) ತಿರುಗಲ್ಲ. ಅದು ವೇಗ ಹಿಡಿಯೋವರೆಗೂ ಎಕ್ಸ್‌ಪೋಷರ್ ತಡೆಯೋ ಡಿಲೇ ರಿಲೇ ಬೈಪಾಸ್ ಮಾಡ್ಬಹುದಾ?

ಸರ್ವಿಸ್ ಇಂಜಿನಿಯರ್: ಮಾಡಬೇಡಿ. ನಿಂತ ಆನೋಡ್ ಮೇಲೆ ಎಕ್ಸ್‌ಪೋಷರ್ ಕೊಟ್ಟರೆ ಟಂಗ್‌ಸ್ಟನ್ ಕರಗಿ ಟ್ಯೂಬೇ ಹೋಗುತ್ತೆ. ಸ್ಟೇಟರ್ (ಆನೋಡ್ ತಿರುಗಿಸುವ ಕಾಯಿಲ್) ಕೆಪಾಸಿಟರ್ ನೋಡಿ.

ರಿಪ್ಪನ್‌ಪೇಟೆ: ಸೆಕೆಂಡ್ ಹ್ಯಾಂಡ್ ಟ್ಯೂಬ್ ಎಷ್ಟಕ್ಕೆ ಸಿಗುತ್ತೆ?

ಸೊರಬ: ಸ್ಟೆಬಿಲೈಸರ್ ಎಷ್ಟು ಕೆವಿಎ ಬೇಕು? ಮತ್ತೆ ಅರ್ತ್ ಸರಿ ಇಲ್ಲದಿದ್ರೆ ಬಾಡಿನ ನ್ಯೂಟ್ರಲ್‌ಗೆ ಜೋಡಿಸಿ ಅಂತ ಇನ್ನೊಂದು ಗ್ರೂಪಲ್ಲಿ ಹಾಕಿದ್ರು.

ಸರ್ವಿಸ್ ಇಂಜಿನಿಯರ್: ಸ್ಟೆಬಿಲೈಸರ್ ವಿಷಯ ಮೇಲೆ ಹೇಳಿದೆ. ನ್ಯೂಟ್ರಲ್ ಕಡಿದ ದಿನ ಇಡೀ ಟೇಬಲ್ಲಿಗೆ 230 ವೋಲ್ಟ್ ಬರುತ್ತೆ, ಅದರ ಮೇಲೆ ರೋಗಿ ಮಲಗಿರುತ್ತಾರೆ. ಇಂಥದ್ದನ್ನ ಇಲ್ಲಿ ತರಬೇಡಿ.

ತೀರ್ಥಹಳ್ಳಿ: ಸರ್, ಸದ್ದು ಟ್ಯೂಬ್ ಕಡೆ, ಆನೋಡ್ ಕೇಬಲ್ ಬುಡದಲ್ಲಿ. ಇವತ್ತು 60ಕ್ಕೂ ಒಂದ್ಸಲ ಬಂತು.

ಸರ್ವಿಸ್ ಇಂಜಿನಿಯರ್: ಹಾಗಾದರೆ ಈಗಲೇ ನಿಲ್ಲಿಸಿ, ಕೈ ಎಕ್ಸ್‌ರೇ ಕೂಡ ಬೇಡ. ಮೇನ್ಸ್ ತೆಗೆದು 'ಬಳಸಬೇಡಿ' ಬೋರ್ಡ್ ತಗಲಿಸಿ, ರೋಗಿಗಳನ್ನ ಬೇರೆ ಕಡೆ ಕಳಿಸಿ. ಕೇಬಲ್ ಮೇಲಿನ ಪಾರ್ಟ್ ನಂಬರ್ ಫೋಟೋ ಹಾಕಿ.