ಅಪಾಚೆ ಫ್ಲೆಕ್ಸ್‌ನಲ್ಲಿ ಪ್ಲೇಯರ್‌ಗ್ಲೋಬಲ್ ಯಾಕಿಲ್ಲ?

ಪ್ರಶ್ನೆ: ಅಡೋಬಿ ಫ್ಲೆಕ್ಸ್ (ಫ್ಲಾಶ್ ಆ್ಯಪ್ ಬರೆಯುವ ಸಾಧನ) 4.6ರ ಹಳೇ ಆ್ಯಪನ್ನು ಅಪಾಚೆಯ 4.9ರಲ್ಲಿ ಬಿಲ್ಡ್ ಮಾಡಬೇಕು. ಎಸ್‌ಡಿಕೆಯಲ್ಲಿ (ಆ್ಯಪ್ ಕಟ್ಟುವ ಪರಿಕರಗಳ ಕಟ್ಟಿನಲ್ಲಿ) ಪ್ಲೇಯರ್‌ಗ್ಲೋಬಲ್, ಅಂದರೆ ಫ್ಲಾಶ್ ಪ್ಲೇಯರಿನ ಕ್ಲಾಸುಗಳನ್ನು ಕಂಪೈಲರಿಗೆ ತಿಳಿಸುವ ಫೈಲೇ ಇಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತಿದೆಯಾ?

ಉತ್ತರ: ಡೌನ್‌ಲೋಡ್ ಸರಿಯಾಗಿಯೇ ಇದೆ, ಆ ಫೈಲನ್ನು ಅಡೋಬಿ ಕೊಟ್ಟೇ ಇಲ್ಲ. 2011ರ ಕೊನೆಗೆ ಅಪಾಚೆಗೆ ದಾನವಾಗಿ ಹೋದದ್ದು ಎಸ್‌ಡಿಕೆಯ ಸೋರ್ಸ್, ಜೊತೆಗೆ ಫ್ಲೆಕ್ಸ್ ಎಂಬ ಹೆಸರು. ಫ್ಲಾಶ್ ಪ್ಲೇಯರ್ (ಬ್ರೌಸರಿನಲ್ಲಿ ಫ್ಲಾಶ್ ಓಡಿಸುತ್ತಿದ್ದ ಪ್ಲಗಿನ್, 2020ರ ಕೊನೆಗೆ ನಿಂತಿತು), ಏರ್ (ಬ್ರೌಸರಿನ ಹೊರಗೆ ಓಡಿಸುವುದು), ಫ್ಲಾಶ್ ಬಿಲ್ಡರ್ (ಕೋಡ್ ಬರೆಯುವ ತಂತ್ರಾಂಶ) ಆಗ ಅಡೋಬಿ ಹತ್ತಿರವೇ ಉಳಿದವು. ಪ್ಲೇಯರ್‌ಗ್ಲೋಬಲ್ ಅವರ ಲೈಸೆನ್ಸಿನದು, ಅಪಾಚೆ ತನ್ನ ಪ್ಯಾಕೇಜಿನಲ್ಲಿ ಹಂಚುವಂತಿಲ್ಲ. ಅದನ್ನು ಬೇರೆಯಾಗಿ ತಂದು ‘11.1’ (ಪ್ಲೇಯರ್ ಆವೃತ್ತಿ) ಎಂಬ ಫೋಲ್ಡರಿನೊಳಗೆ ಇಡಿ. PLAYERGLOBAL_HOME ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಆ ಫೋಲ್ಡರಿನ ಮೇಲಿನ ಫೋಲ್ಡರ್ ಕೊಡಬೇಕು, ಫೈಲಿನ ಹಾದಿಯನ್ನಲ್ಲ. ಬಹಳ ಜನ ಎಡವುವುದು ಇಲ್ಲೇ.

ಇನ್ನೊಂದು ಉತ್ತರ: ಅದಕ್ಕಿಂತ ದೊಡ್ಡ ಏಟು ಆರ್‌ಎಸ್‌ಎಲ್‌ಗಳದ್ದು, ಅಂದರೆ ಆ್ಯಪ್ ಓಡುವಾಗ ಬೇರೆಯಾಗಿ ಲೋಡ್ ಆಗುವ ಹಂಚಿಕೆಯ ಲೈಬ್ರರಿಗಳದ್ದು. ಅಡೋಬಿ ಸಹಿ ಮಾಡಿದ ಎಸ್‌ಡಬ್ಲ್ಯೂಝಡ್ ಫೈಲುಗಳನ್ನು ಫ್ಲಾಶ್ ಪ್ಲೇಯರೇ ಕ್ಯಾಶ್ ಮಾಡಿ ಎಲ್ಲ ಸೈಟುಗಳಿಗೂ ಬಳಸುತ್ತಿತ್ತು. ಸಹಿಯ ಕೀಲಿ ದಾನದಲ್ಲಿ ಬರಲಿಲ್ಲ. ಅಪಾಚೆಯವು ಸಹಿಯಿಲ್ಲದ ಎಸ್‌ಡಬ್ಲ್ಯೂಎಫ್ (ಸಾಮಾನ್ಯ ಫ್ಲಾಶ್ ಫೈಲ್), ಪ್ರತಿ ಸೈಟಿಗೂ ಹೊಸದಾಗಿ ಇಳಿಯುತ್ತಿದ್ದವು. ಒಂದೇ ಆ್ಯಪ್ ಇದ್ದರೆ ಸ್ಟ್ಯಾಟಿಕ್ ಲಿಂಕ್ ಮಾಡಿಬಿಡಿ (ಲೈಬ್ರರಿಯನ್ನು ಆ್ಯಪಿನೊಳಗೇ ಸೇರಿಸಿ), ಬಳಸದ ಕ್ಲಾಸುಗಳು ಉದುರುತ್ತವೆ.

ಪ್ರಶ್ನೆ ಕೇಳಿದವರು: ಬಿಲ್ಡ್ ಆಯ್ತು, ಎಂಬೆಡ್ ಮಾಡಿದ ಫಾಂಟ್ ಮಾತ್ರ ಎರರ್.

ಉತ್ತರ: ಅದೇ ಕಥೆ. ಅಡೋಬಿಯ ಫಾಂಟ್ ಜಾರ್‌ಗಳೂ (ಫಾಂಟ್ ಎಂಬೆಡ್ ಮಾಡುವ ಜಾವಾ ಲೈಬ್ರರಿಗಳು) ಪ್ಯಾಕೇಜಿನಲ್ಲಿಲ್ಲ. ಅಪಾಚೆ ಫ್ಲೆಕ್ಸ್‌ನ ಇನ್‌ಸ್ಟಾಲರ್‌ನಲ್ಲಿ ಅವು ಐಚ್ಛಿಕ, ಟಿಕ್ ಹಾಕಿ ಮತ್ತೆ ಓಡಿಸಿ.