ಬೆಚ್ಚು, ಬೆರ್ಚಪ್ಪ ಮತ್ತು ಉಳಿದುಕೊಂಡ ಒಂದು ರಕಾರ

'ಬೆಚ್ಚಿಬಿದ್ದ' ಎಂಬಲ್ಲಿರುವ ಬೆಚ್ಚು, 'ಬೆಚ್ಚಗೆ' ಎಂಬಲ್ಲಿರುವ ಬೆಚ್ಚು ಒಂದೇ ಮೂಲದವೇ? ಅಲ್ಲ. ಹೆದರಿದಾಗ ಮೈ ಬಿಸಿಯೇರುತ್ತದೆ, ಅದಕ್ಕೇ ಈ ಅರ್ಥ ಎಂಬ ವಿವರಣೆ ಕೇಳಲು ಚೆಂದ. ಹಳಗನ್ನಡದ ರೂಪ ಅದನ್ನು ಒಪ್ಪುವುದಿಲ್ಲ. ಬೆಚ್ಚಗೆ, ಬೆಂಕಿ, ಬೇಯು, ಬೇಸಿಗೆ ಇವೆಲ್ಲ ಒಂದು ಬಳ್ಳಿ, ಅದರ ಬೇರಿನಲ್ಲಿ ರಕಾರವಿಲ್ಲ. ಹೆದರಿಕೆಯ ಬೆಚ್ಚು ಹಳಗನ್ನಡದಲ್ಲಿ 'ಬೆರ್ಚು'. ತಮಿಳಿನ ವೆರುವು, ವೆರುಳ್, ತೆಲುಗಿನ ವೆಱಚು (ಱ ಎಂಬುದು ಹಳೆಯ ಗಡುಸು ರಕಾರ) ಇದರ ದಾಯಾದಿಗಳು. ಅಲ್ಲಿನ ವಕಾರ ನಮ್ಮಲ್ಲಿ ಬಕಾರವಾಗುವುದು ವೆಳ್ಳಿ-ಬೆಳ್ಳಿಯಲ್ಲಿ ಕಾಣುವಂಥದ್ದೇ.

ರಕಾರ ಎಲ್ಲಿ ಹೋಯಿತು? ಮುಂದಿನ ವ್ಯಂಜನದಲ್ಲಿ ಕರಗಿತು. ಪೆರ್ಚು ಹೆಚ್ಚಾಯಿತು, ಇರ್ದು ಇದ್ದು ಆಯಿತು, ಬಿೞ್ದು (ೞ ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಅಕ್ಷರ) ಎಂಬುದು ಬಿರ್ದು ಆಗಿ ಬಿದ್ದು ಆಯಿತು. ಹಾಗಾಗಿ 'ಬೆಚ್ಚಿಬಿದ್ದ' ಎಂಬ ಒಂದೇ ಮಾತಿನಲ್ಲಿ ಎರಡು ರಕಾರಗಳು ಸತ್ತಿವೆ.

ಶಿರಸಿ, ಸಿದ್ದಾಪುರದ ಕಡೆ ಹಕ್ಕಿ-ಹಂದಿ ಓಡಿಸಲು ಹಳೇ ಅಂಗಿ ತೊಡಿಸಿ ನಿಲ್ಲಿಸುವ ಗೊಂಬೆಗೆ ಮಾತ್ರ ಈಗಲೂ ಬೆರ್ಚಪ್ಪ. ಗೞ್ದೆ ಗದ್ದೆಯಾಗಿ ಸವೆದರೂ ಅದರ ನಡುವೆ ನಿಂತವನು ರಕಾರ ಬಿಟ್ಟುಕೊಟ್ಟಿಲ್ಲ. ವ್ಯಕ್ತಿಯ ಹೆಸರಿನಂತೆ ಬಳಕೆಯಾದ ಪದ ಕ್ರಿಯಾಪದದಷ್ಟು ಬೇಗ ಸವೆಯುವುದಿಲ್ಲ ಎಂಬುದು ನನ್ನ ಊಹೆ. ತಮಿಳಿನಲ್ಲೂ ಇದೇ ಬೇರಿನ 'ವೆರುಳಿ'ಗೆ ಇದೇ ಗೊಂಬೆಯ ಅರ್ಥವಿದೆ. ಗ್ರಂಥಸ್ಥ ಕನ್ನಡದ 'ಬೆದರುಬೊಂಬೆ'ಯನ್ನು ಬೆರ್ಚಪ್ಪನ ಮೂಲವೆಂದು ಹೇಳುವುದು ತಪ್ಪು. ಬೆದರು ಬೇರೆಯೇ ಧಾತು.

ಇನ್ನು ಬಳಕೆ. ಬೆಚ್ಚುವುದಕ್ಕೆ ಭಯವೇ ಬೇಕೆಂದಿಲ್ಲ, ಮೈ ಅದುರಿದರೆ ಸಾಕು. ಎಳೆಗೂಸು ನಿದ್ದೆಯಲ್ಲಿ ಕೈಕಾಲು ಝಾಡಿಸಿದರೆ ಅದು 'ಬೆಚ್ಚಿತು', 'ಹೆದರಿತು' ಅಲ್ಲ. ಕ್ಷಣದ ಕ್ರಿಯೆಯಾದ್ದರಿಂದ 'ಮೂರು ದಿನ ದಿಗಿಲಾಗಿತ್ತು' ಸರಿ. 'ಮೂರು ದಿನ ಬೆಚ್ಚಿದ' ಎಂದರೆ ಮತ್ತೆ ಮತ್ತೆ ಬೆಚ್ಚಿದ ಎಂದೇ ಅರ್ಥ. 'ಬೆಚ್ಚಿಬೀಳು'ವಿನಲ್ಲಿ ಯಾರೂ ನೆಲಕ್ಕೆ ಬೀಳುವುದಿಲ್ಲ. ಬೀಳು ಅಲ್ಲಿ ಸಹಾಯಕ ಕ್ರಿಯೆ, ತಡೆಯಲಾಗದೆ ಆಯಿತು ಎಂದು ಸೂಚಿಸುತ್ತದೆ. ಇಡೀ ಜಿಲ್ಲೆ ಬೆಚ್ಚಿಬಿದ್ದಿದೆ ಎಂದು ಪತ್ರಿಕೆಗಳು ವಾರಗಟ್ಟಲೆ ಬರೆಯುವುದನ್ನು ಕಂಡರೆ ಪಾಪ, ಆ ಜಿಲ್ಲೆಗೆ ಏಳಲು ಬಿಡುವೇ ಇಲ್ಲ ಅನಿಸುತ್ತದೆ. ಅಲ್ಲಿ 'ಆತಂಕ' ಸಾಕು.

ದಿಗಿಲು ನಾಮಪದ, 'ನನಗೆ ದಿಗಿಲಾಯಿತು' ಎನ್ನಬೇಕು, ಬೆಚ್ಚಿದರೆ 'ನಾನು ಬೆಚ್ಚಿದೆ'. ತೆಲುಗಿನಿಂದ ಅನುವಾದಿಸುವವರು ಇಲ್ಲಿ ಎಡವುತ್ತಾರೆ: ಅಲ್ಲಿನ ದಿಗುಲು ಹೆಚ್ಚಾಗಿ ಚಿಂತೆ, ಬೇಸರ. ತಮಿಳಿನ ತಿಗಿಲ್ ನಮ್ಮ ದಿಗಿಲಿಗೆ ಹತ್ತಿರ.

ಕಾರವಾರದ ಕಡೆ ಹೆಚ್ಚು ಕೇಳುವ ಗಾಬರಿ ಈ ಗುಂಪಿನದಲ್ಲ. ಮರಾಠಿಯ ಘಾಬರಣೆ, ಕೊಂಕಣಿಯ ಘಾಬರಪ್ ಅದರ ನಂಟರು. ಕನ್ನಡದಲ್ಲಿ ಮಹಾಪ್ರಾಣ ಕಳೆದುಕೊಂಡು ನಾಮಪದವಾಗಿ ನಿಂತಿದೆ. ಅದರಲ್ಲಿ ಭಯದಷ್ಟೇ ಗಡಿಬಿಡಿಯೂ ಸೇರಿದೆ. 'ಗಾಬರಿಯಲ್ಲಿ ಚೀಲ ಮರೆತ' ಎನ್ನಬಹುದು, 'ಬೆಚ್ಚಿ ಚೀಲ ಮರೆತ' ಹೊಂದುವುದಿಲ್ಲ.