ಓಡುತ್ತಿದ್ದೇನೆ, ಆದರೆ ಸುಧಾರಿಸುತ್ತಿದ್ದೇನಾ ಅಂತ ಹೇಗೆ ತಿಳಿಯೋದು?

ಕೆರೆದಂಡೆ, ಮೈಸೂರು:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಹೋದ ದೀಪಾವಳಿ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಕೆಲವು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ, 6.2 ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿದೆ ಅಂದರು ಡಾಕ್ಟರು. ಅಮ್ಮನಿಗೂ ದೊಡ್ಡಮ್ಮನಿಗೂ ಇದೇ ಕಾಯಿಲೆ. ದೊಡ್ಡಮ್ಮನ ಹಿಮ್ಮಡಿ ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ, ದಿನಾ ಡ್ರೆಸ್ಸಿಂಗ್ ಮಾಡುತ್ತಿದ್ದವಳು ನಾನೇ. ಅದಕ್ಕೇ ಕುಕ್ಕರಹಳ್ಳಿ ಕೆರೆ ಸುತ್ತ ಓಡೋಕೆ ಶುರು ಮಾಡಿದೆ. ಮೊದಲು ಬರೀ ನಡಿಗೆ, ಆಮೇಲೆ ನಡುನಡುವೆ ಓಟ. ಈಗ ಒಂದು ಸುತ್ತು ನಿಲ್ಲದೆ ಓಡುತ್ತೇನೆ.

ತೊಂದರೆ ಬಂದಿರೋದು ಈಗ. ಜನವರಿಯಲ್ಲಿ ಕಿಲೋಮೀಟರಿಗೆ ಎಂಟು ನಿಮಿಷ ಆಗುತ್ತಿತ್ತು. ಏಪ್ರಿಲ್‌ನಲ್ಲಿ ಎಂಟೂಮುಕ್ಕಾಲು. ತೂಕ ಇದ್ದಲ್ಲೇ ಇದೆ. ಕೆಲವು ದಿನ ವಾಚು ಎದೆಬಡಿತ 172 ಅಂತ ತೋರಿಸುತ್ತದೆ, ನನಗೆ ಅಷ್ಟೇನೂ ಏದುಸಿರು ಇರುವುದಿಲ್ಲ. ಓಡಿ ಬಂದು ಫೋನ್ ನೋಡಿದರೆ ಕೆಳಗೆ ತೋರಿಸುವ ಕೆಂಪು ಬಾಣ. ಬೆಳಿಗ್ಗೆ ಏಳುವ ಉತ್ಸಾಹವೇ ಇಳಿದುಹೋಗಿದೆ. ಓಟ ಬಿಡೋಕೆ ಮಾತ್ರ ನನಗೆ ಇಷ್ಟ ಇಲ್ಲ. ಯಾವುದನ್ನು ಬರೆದಿಡಬೇಕು, ಯಾವುದನ್ನು ಬಿಡಬೇಕು, ಹೇಳುತ್ತೀರಾ?

ಕೆಲಗೇರಿ ಓಟಗಾರ, ಧಾರವಾಡ:

ಮೇಡಂ, ಮೊದಲು ಜನವರಿಗೂ ಏಪ್ರಿಲ್‌ಗೂ ಹೋಲಿಸೋದು ಬಿಡ್ರಿ. ಸೆಕೆಯಲ್ಲಿ ಮೈ ತಂಪಾಗಬೇಕಾದರೆ ಚರ್ಮದ ಕಡೆಗೆ ರಕ್ತ ಜಾಸ್ತಿ ಹರಿಯಬೇಕು. ಓಡುವ ಕಾಲಿಗೂ ಅದೇ ರಕ್ತ ಬೇಕು. ಹೀಗಾಗಿ ಅದೇ ವೇಗಕ್ಕೆ ಎದೆ ಜಾಸ್ತಿ ಬಡಿಯುತ್ತದೆ, ವೇಗ ತಾನಾಗೇ ಇಳಿಯುತ್ತದೆ. ನಿಮ್ಮ ಶಕ್ತಿ ಕಮ್ಮಿಯಾಗಿದೆ ಅಂತ ಅದರಿಂದ ಹೇಳಲಿಕ್ಕೆ ಬರೋದಿಲ್ಲ. ಈ ಜನವರಿಯನ್ನು ಮುಂದಿನ ಜನವರಿ ಜೊತೆ ಇಟ್ಟು ನೋಡಿ.

ಇನ್ನು ಆ 172. ವಾಚು ಹಸಿರು ಬೆಳಕು ಬಿಟ್ಟು, ಚರ್ಮದಡಿ ರಕ್ತ ಏರಿಳಿಯೋದನ್ನು ನೋಡಿ ಬಡಿತ ಎಣಿಸುತ್ತದೆ. ಪಟ್ಟಿ ಸಡಿಲ ಇದ್ದರೆ ನಾಡಿ ಬಿಟ್ಟು ಹೆಜ್ಜೆಯ ಕುಲುಕಾಟವನ್ನೇ ಎಣಿಸಿಬಿಡುತ್ತದೆ. ಓಡುವಾಗ ನಿಮಿಷಕ್ಕೆ 160–170 ಹೆಜ್ಜೆ ಬೀಳೋದು ಸಾಮಾನ್ಯ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ಅನುಮಾನ ಬಂದರೆ ನಿಂತ ಕೂಡಲೇ ನಾಡಿ ಹಿಡಿದು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಎದೆನೋವು, ತಲೆಸುತ್ತು ಇದ್ದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಬರೆಯೋದರ ಬಗ್ಗೆ ನಾನು ಮಾಡುವುದನ್ನು ಹೇಳುತ್ತೇನೆ. ನಮ್ಮ ಅಡುಗೆಮನೆ ಗೋಡೆ ಮೇಲೆ ಹಾಲಿನ ಲೆಕ್ಕದ ಕ್ಯಾಲೆಂಡರ್ ಇದೆ. ಅದೇ ಚೌಕದ ಮೂಲೆಯಲ್ಲಿ ಓಡಿದ ನಿಮಿಷ ಬರೆಯುತ್ತೇನೆ. ಕಿಲೋಮೀಟರ್ ಬರೆಯುವುದಿಲ್ಲ. ಪಕ್ಕದಲ್ಲಿ ಒಂದು ಅಕ್ಷರ: ಮಾತಾಡುತ್ತಾ ಓಡಲು ಆಗಿದ್ದರೆ ‘ಮಾ’, ಏದುಸಿರು ಬಂದಿದ್ದರೆ ‘ಏ’. ‘40 ಮಾ’, ‘25 ಏ’, ಅಷ್ಟೇ. ಭಾನುವಾರ ಕೂಡಿಸುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚುರುಕು ನಡಿಗೆಯೂ ಅದರಲ್ಲಿ ಸೇರುತ್ತದೆ. ಮನೆಮಂದಿ ಎಲ್ಲಾ ನೋಡುವ ಜಾಗ ಅದು. ಎರಡು ದಿನ ಖಾಲಿ ಬಿಟ್ಟರೆ ಮಗಳು ‘ಯಾಕಪ್ಪಾ’ ಅಂತ ಕೇಳುತ್ತಾಳೆ. ಯಾವ ಆ್ಯಪ್ ಬಡಿದೆಬ್ಬಿಸಿದರೂ ನಾನು ಅಷ್ಟು ಬೇಗ ಏಳುವುದಿಲ್ಲ.

ಲ್ಯಾಬ್ ಹುಡುಗಿ, ಹಾಸನ:

ಅಕ್ಕ, ನೀವು ಓಟ ಶುರು ಮಾಡಿದ್ದು 6.2 ಇಳಿಯಲಿ ಅಂತ ಅಲ್ವಾ? ಆದರೆ ದಿನಾ ನೋಡುತ್ತಿರೋದು ವೇಗ. ನೋಡಬೇಕಾದ ಲೆಕ್ಕ ಬೇರೆ ಇದೆ ಅನ್ನಿಸುತ್ತದೆ ನನಗೆ.

ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ತಿಂಗಳು ತಿಂಗಳು ಮಾಡಿಸಿದರೆ ಸುಮ್ನೆ ದುಡ್ಡು ದಂಡ. ದೀಪಾವಳಿ ಆಗಿ ಐದಾರು ತಿಂಗಳಾಯ್ತು, ಈಗ ಮಾಡಿಸಿದರೆ ನಿಮ್ಮ ಓಟದ ಫಲ ಕಾಣುತ್ತದೆ. ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣದ ಅಂಶ ಕಮ್ಮಿ ಇದ್ದರೆ ಎಚ್‌ಬಿಎ1ಸಿ ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಓಡುವಾಗ ಬೇಗ ಸುಸ್ತೂ ಆಗುತ್ತದೆ. ನಮ್ಮಲ್ಲಿ ಬರುವ ಹೆಂಗಸರಲ್ಲಿ ಇದು ಎಷ್ಟೋ ಜನಕ್ಕಿದೆ, ಗೊತ್ತೇ ಇರುವುದಿಲ್ಲ.

ತೂಕದ ಬದಲು ಸೊಂಟ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ನೋಡಬೇಕು. ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು, ಗಂಡಸರಿಗೆ 90.

ಬೆಳಗಿನ ಆರು, ಮೈಸೂರು:

ನಾನೂ ಅದೇ ಕೆರೆ ಸುತ್ತ ಓಡುವವಳು. ಶನಿವಾರ ನಾವು ಮೂವರು ಹೆಂಗಸರು ಗೇಟಿನ ಹತ್ತಿರ ಸೇರುತ್ತೇವೆ. ಯಾರೋ ಕಾಯುತ್ತಿದ್ದಾರೆ ಅಂದರೆ ಹಾಸಿಗೆ ಬಿಟ್ಟು ಏಳಲೇಬೇಕಾಗುತ್ತದೆ. ನೀವೂ ಬನ್ನಿ. ಮಾತಾಡುತ್ತಾ ನಿಧಾನಕ್ಕೆ ಓಡೋಣ.

ಕೆರೆದಂಡೆ, ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಲಿಗೆ ಮಿಷನ್ ಡ್ರಾಯರ್‌ನಿಂದ ಟೇಪು ತೆಗೆದು ಈಗಲೇ ಅಳೆದೆ, 86 ಇದೆ. ಕ್ಯಾಲೆಂಡರ್ ಮೇಲೆ ಬರೆದಿದ್ದೇನೆ. ಶನಿವಾರ ಖಂಡಿತ ಬರುತ್ತೇನೆ. ರಕ್ತಪರೀಕ್ಷೆಗೆ ಸೋಮವಾರ ಹೋಗುತ್ತೇನೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಲ್ಯಾಬ್ ಹುಡುಗಿ, ಹಾಸನ:

ಎಚ್‌ಬಿಎ1ಸಿಗೆ ಬೇಕಿಲ್ಲ ಅಕ್ಕ, ತಿಂಡಿ ತಿಂದೇ ಹೋಗಬಹುದು. ಡಾಕ್ಟರು ಫಾಸ್ಟಿಂಗ್ ಶುಗರ್ ಕೂಡ ಬರೆದಿದ್ದರೆ ಮಾತ್ರ ರಾತ್ರಿ ಊಟ ಆದಮೇಲೆ ಎಂಟು ಗಂಟೆ ಏನೂ ತಿನ್ನಬೇಡಿ. ನೀರು ಕುಡಿಯಬಹುದು. ಹಳೆ ರಿಪೋರ್ಟ್ ಜೊತೆಗೆ ಇಟ್ಟುಕೊಂಡು ಹೋಗಿ.